ಅಳು ನಿಲ್ಲಿಸಿದವರೇ ದೊಡ್ಡ ಅಕ್ಕೋರು

ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಕುರುಗೋಡಿನ ಶಿಶುವಿಹಾರಕ್ಕೆ ಆರು ವರ್ಷ ದೊಡ್ಡ ಅಕ್ಕೋರಾಗಿದ್ದಳು ಎಂದು ಕಾಗದಪತ್ರದಲ್ಲಿದೆ. ನಂಬಬೇಡಿ! ಆ ಆರು ವರ್ಷದಲ್ಲಿ ಅವಳು ಒಂದು ದಿನವೂ ಅಧಿಕಾರ ನಡೆಸಲಿಲ್ಲ. (ಅಕ್ಕೋರು ಎಂದರೆ ನಮ್ಮ ಕಡೆ ಟೀಚರಮ್ಮ.)

ಕಾರಣ, ಅವಳೇ ಮಾಡಿದ ಕಾನೂನು. ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಬಿಟ್ಟು ಹೋಗುತ್ತಲೇ ಶಾಲೆ ತುಂಬ ಅಳು. ಎಲ್ಲಕ್ಕಿಂತ ಜೋರಾಗಿ ಅಳುವ ಮಗು ಯಾರ ಹೆಗಲ ಮೇಲೆ ಸುಮ್ಮನಾಗುತ್ತದೋ, ಆ ದಿನದ ಮಟ್ಟಿಗೆ ಅವರೇ ದೊಡ್ಡ ಅಕ್ಕೋರು. ಗಂಟೆ ಅವರ ಕೈಗೆ. ಯಾವ ಹಾಡು, ಯಾವ ಆಟ, ನೀರು ಕುಡಿಯುವುದು ಯಾವಾಗ, ಎಲ್ಲ ಅವರ ಮಾತಿನಂತೆ. "ಸಣ್ಣ ಮಕ್ಕಳ ಸಾಲ್ಯಾಗ ಮಕ್ಕಳು ಆರಿಸಿದೋರ ಹಿರೇರು" ಎಂಬುದು ಅವಳ ವಾದ. ಆಗಿನ್ನೂ ದೇಶದಲ್ಲಿ ದೊಡ್ಡವರೆಲ್ಲರಿಗೂ ಓಟು ಬಂದಿರಲಿಲ್ಲ, ಇವಳ ಶಾಲೆಯಲ್ಲಿ ಮೂರು ವರ್ಷದವರಿಗೆ ಬಂದಿತ್ತು!

ಆದರೆ ಈ ಚುನಾವಣೆಯಲ್ಲಿ ಅವಳು ಮಾತ್ರ ಗೆಲ್ಲುತ್ತಿರಲಿಲ್ಲ. ಅವಳ ಗಂಟಲು ಅಂಥದ್ದು. ಮೆಲ್ಲಗೆ ಮಾತಾಡಿದರೂ ಸಿರುಗುಪ್ಪದ ಸಂತೆಗೆ ಕೇಳಿಸಬೇಕು. "ಬಾರವ್ವಾ ಕೂಸ" ಎಂದು ಮುದ್ದಿನಿಂದ ಕರೆದರೂ ಅಳುವ ಮಗು ಇನ್ನೆರಡು ಮಕ್ಕಳನ್ನು ಸೇರಿಸಿಕೊಂಡು ಅಳುತ್ತಿತ್ತು. "ನಂಗೂ ಒಂದಿನ ಗಂಟಿ ಬರತೈತಿ ಬಿಡು" ಎಂದು ಮನೆಗೆ ಬಂದು ನಗುತ್ತಿದ್ದಳು. ಮಕ್ಕಳಿಲ್ಲದ ಅವಳಿಗೆ ಆ ಆಸೆ ಎಷ್ಟಿತ್ತೆಂದು ಅವಳ ಮನೆಯಲ್ಲೇ ಬೆಳೆದ ನನಗೆ ಗೊತ್ತಿತ್ತು.

ದೇಶನೂರಿನಿಂದ ಹೊಸದಾಗಿ ಬಂದ ಕಿರಿಯ ಅಕ್ಕೋರೊಬ್ಬರಿದ್ದರು. ಬಾಯಿ ಬಿಟ್ಟು ಮಾತಾಡುವವರಲ್ಲ. ಎರಡನೇ ದಿನವೇ ಗಂಟೆ ಅವರ ಕೈಗೆ ಬಂತು.

"ಏನ್ ಮಾಡ್ಬೇಕ್ರಿ ನಾವೀಗ?" ಚಿಗವ್ವ ಕೈಕಟ್ಟಿ ನಿಂತಳು.

"ಕೂ... ಕೂಡ್ರಿ" ಎಂದರು ಅವರು, ಮಕ್ಕಳ ಕಡೆ ನೋಡಿ. ಮಕ್ಕಳೆಲ್ಲಿ ಕೇಳುತ್ತಾರೆ? ಚಿಗವ್ವ ದಬಕ್ಕನೆ ನೆಲದ ಮೇಲೆ ಕೂತಳು! ಅವಳನ್ನು ನೋಡಿ ಮಕ್ಕಳೂ ಕೂತವು. ಅಂದಿನಿಂದ ಆ ಅಕ್ಕೋರಿಗೆ ಮಾತು ಬಂತು.

ಬಳ್ಳಾರಿಯಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ ಗಂಟೆ ನೀರು ತರುವ ಆಯಾಳ ಕೈಯಲ್ಲಿತ್ತು.

"ಇಲ್ಲಿ ಹೆಡ್ ಯಾರು?"

ಚಿಗವ್ವ ಆಯಾಳನ್ನು ತೋರಿಸಿದಳು.

"ಈಕಿಗೆ ಸಹಿ ಮಾಡಾಕ ಬರತೈತೇನು?"

"ಸಹಿ ನಾ ಮಾಡ್ತೀನ್ರಿ ಸಾಹೇಬ್ರ. ಅಳಾದು ನಿಲ್ಲಿಸಾಕ ನಂಗ ಬರಾದಿಲ್ಲ."

ಸಾಹೇಬರು ನಗಲಿಲ್ಲ. ಹದಿನೈದು ದಿನಕ್ಕೆ ಕಾಗದ ಬಂತು. ಚಿಗವ್ವನನ್ನು ಇಳಿಸಿ, ದೇಶನೂರಿನ ಅಕ್ಕೋರನ್ನು ಆ ಜಾಗಕ್ಕೆ ಏರಿಸಿದ್ದರು. ಚಿಗವ್ವ ಅದನ್ನು ಓದಿ, ಮಡಿಸಿಟ್ಟು, ಒಗ್ಗರಣೆ ಹಾಕಲು ಹೋದಳು.

ಸಂಜೆ ಆ ಕಿರಿಯ ಅಕ್ಕೋರು ಓಡೋಡಿ ಬಂದರು. "ನಂಗ ಬ್ಯಾಡ್ರಿ ಅಕ್ಕೋರ, ನಿಮ್ಮ ಜಾಗದಾಗ ನಾ ಹೆಂಗ ಇರ್ಲಿ?" ಎಂದು ಹೊಸ್ತಿಲಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತರು. ಚಿಗವ್ವ ಒಂದು ಮಾತೂ ಆಡಲಿಲ್ಲ. ಎಳೆದು ಹೆಗಲಿಗೆ ಒರಗಿಸಿಕೊಂಡು ಬೆನ್ನು ಸವರುತ್ತ ನಿಂತಳು. ಅಳು ಸಣ್ಣದಾಗುತ್ತ ಬಂದು ನಿಂತೇಹೋಯಿತು.

ಅವರು ತಲೆ ಎತ್ತಿ ಚಿಗವ್ವನ ಮುಖವನ್ನೇ ನೋಡಿದರು. "ಅಕ್ಕೋರ, ನಂದು ಅಳಾದು ನಿಂತೈತ್ರಿ" ಎಂದರು.

ಆಮೇಲೆ ಅತ್ತವಳು ನಮ್ಮ ಚಿಗವ್ವ. ಅವಳನ್ನು ಸುಮ್ಮನಾಗಿಸಲು ಆ ಅಕ್ಕೋರಿಂದಲೂ ಆಗಲಿಲ್ಲ, ಅಲ್ಲೇ ಇದ್ದ ನನ್ನಿಂದಲೂ ಆಗಲಿಲ್ಲ.