ಹ್ಯಾಂಗ್ ಆದದ್ದು ಹ್ಯಾಂಗ?

ಹೆಂಡತಿಯ ತಂಗಿಯ ಮದುವೆಗೆ ತಾನೇ ವಿಡಿಯೊ ತೆಗೆಯುತ್ತೇನೆಂದು ಬುದ್ಧಿ ನೆಟ್ಟಗಿರುವ ಯಾವ ಗಂಡಸೂ ಮುಂದೆ ಬರುವುದಿಲ್ಲ. ಚೆನ್ನಾಗಿ ಬಂದರೆ ‘ಮದುಮಗಳೇ ಚೆಂದ ಇದ್ದಳು’ ಎನ್ನುತ್ತಾರೆ. ಕೆಟ್ಟರೆ ‘ಅಳಿಯ ಕೆಡಿಸಿದ’ ಎನ್ನುತ್ತಾರೆ. ಇಷ್ಟು ಗೊತ್ತಿದ್ದೂ ಸಾಯಬಣ್ಣ ಮುಂದೆ ಬಂದ. ಕಲಬುರಗಿಯ ಕೋಟೆ ಹತ್ತಿರದ ಅವನ ಮನೆಯ ಮುಂದಿನ ಕೋಣೆಯೇ ಅವನ ವಿಡಿಯೊ ಸ್ಟುಡಿಯೊ. ಎರಡು ಸಾವಿರದ ಒಂಬತ್ತರ ಆ ಬೇಸಿಗೆಯಲ್ಲಿ ಅಲ್ಲಿಗೆ ಎಚ್‌ಡಿ ಕ್ಯಾಮೆರಾದ ಆಗಮನವಾಗಿತ್ತು.

“ಎಚ್‌ಡಿ ಅಂದ್ರ ಏನ್ರೀ?” ಹೆಂಡತಿ ಶಾರದಾಬಾಯಿ ಕೇಳಿದ್ದಳು.

“ಮದುವ್ಯಾಗ ಅಕ್ಕಿಕಾಳು ಹಾಕೋ ಮುಂದ ಒಂದೊಂದು ಕಾಳು ಬ್ಯಾರೆ ಬ್ಯಾರೆ ಕಾಣಸ್ತದ, ತಿಳೀತಾ?”

“ಕಾಳು ಆರಿಸ್ಲಾಕ ನಮ್ಮನ್ಯಾಗ ಮೊರ ಅದಲ್ರೀ.”

ಕಮಲಾಪುರದಲ್ಲಿ ಮದುವೆ ಜೋರಾಗಿಯೇ ಆಯಿತು. ಆದರೆ ಮದುಮಗಳು ಅಂಬಮ್ಮನ ತಾಯಿ, ಎಂದರೆ ಸಾಯಬಣ್ಣನ ಅತ್ತೆ ದುಂಡಮ್ಮ, ಮದುವೆಯನ್ನೇ ನೋಡಲಿಲ್ಲ. ಬುಂದಿ ಬುಟ್ಟಿಯೊಂದು ಕಾಲು ಬಂದು ನಡೆದುಹೋಯಿತೆಂದು ಯಾರೋ ಗುಲ್ಲೆಬ್ಬಿಸಿದರು. ದುಂಡಮ್ಮ ಸೊಂಟಕ್ಕೆ ಕೀಲಿಕೈ ಸಿಕ್ಕಿಸಿಕೊಂಡು ಉಗ್ರಾಣದ ಬಾಗಿಲಲ್ಲಿ ಕೂತಳು. ಹೊರಗೆ ಬರುವ ಹೊತ್ತಿಗೆ ತಾಳಿ ಕಟ್ಟಿ ಮುಗಿದು, ಜನ ಊಟದ ಪಂಕ್ತಿಗೆ ನುಗ್ಗುತ್ತಿದ್ದರು.

“ಹೆತ್ತ ಮಗಳ ತಾಳಿ ನೋಡ್ಲಿಲ್ಲವ್ವಾ, ಬುಂದಿ ಕಾದೆ!” ಎಂದು ಮುದುಕಿ ಸೆರಗು ಬಾಯಿಗಿಟ್ಟು ಅತ್ತಾಗ, ಕ್ಯಾಮೆರಾ ಹೊತ್ತ ಅಳಿಯ ಎದೆ ಉಬ್ಬಿಸಿದ. “ಯಾಕ ಅಳ್ತೀರಿ ಅತ್ತೀ? ನಾ ಇಲ್ಲೇನು? ಅಂಬಮ್ಮ ಗಂಡನ ಜೋಡಿ ಸೊಲ್ಲಾಪುರಕ್ಕ ಹೋಗೋದ್ರಾಗ ನಿಮ್ಮನ್ನ ಟಿವಿ ಮುಂದ ಕೂಡ್ಸಿ ಮದುವಿ ಪೂರಾ ತೋರಸ್ತೀನಿ.”

ಅಂಬಮ್ಮ ಹೊರಡುವುದು ಮುಂದಿನ ಸೋಮವಾರ. ಭಾನುವಾರ ಕಮಲಾಪುರದಲ್ಲಿ ಪ್ರದರ್ಶನವೆಂದು ನಿಶ್ಚಯವಾಯಿತು.

ಸಾಯಬಣ್ಣ ಕಂಪ್ಯೂಟರಿನಲ್ಲಿ ಕತ್ತರಿಸಿದ, ಜೋಡಿಸಿದ, ಹಾಡು ಹಚ್ಚಿದ. ಉಳಿದದ್ದು ರೆಂಡರ್ ಒಂದೇ. ತುಂಡು ತುಂಡು ಚಿತ್ರಗಳನ್ನೆಲ್ಲ ಒಂದೇ ಪಾಕಕ್ಕೆ ತಂದು ಇಳಿಸುವುದಕ್ಕೆ ಆ ಕಸುಬಿನವರು ಹಾಗೆನ್ನುತ್ತಾರೆ. ಪರದೆಯ ಮೇಲೆ ಹಸಿರು ಗೆರೆ ಬಸವನಹುಳದಂತೆ ತೆವಳಿತು. ಅರ್ಧ ದಾಟಿತು. ನಿಂತಿತು. ಮೌಸಿನ ಬಾಣವೂ ಅಲುಗಲಿಲ್ಲ. ಆಮೇಲೆ ಇಡೀ ಸಾಫ್ಟ್‌ವೇರು ಹೇಳದೆ ಕೇಳದೆ ಅಂತರ್ಧಾನವಾಯಿತು.

“ಯಾಕ ತಲಿ ಮ್ಯಾಲ ಕೈ ಹೊತ್ತು ಕುಂತೀರಿ? ಏನಾಗ್ಯಾದ?” ಶಾರದಾಬಾಯಿ ಒಳಗಿನಿಂದ ಬಂದಳು.

“ಹ್ಯಾಂಗ್ ಆಗ್ಯಾದ.”

“ಅದೇ ಕೇಳ್ಲಾಕತ್ತೀನಿ. ಹ್ಯಾಂಗ ಆಗ್ಯಾದ?”

“ಹ್ಯಾಂಗ್ ಆಗ್ಯಾದ ಅಂತ ಹೇಳ್ಲಾಕತ್ತೀನಲ್ಲ!”

“ಏನ್ ಆಗ್ಯಾದ ಹೇಳ್ದೇ ಹ್ಯಾಂಗ ಆಗ್ಯಾದ ಅಂತ ನನಗೇ ತಿರುಗಿ ಕೇಳಿದ್ರ, ನಾ ಏನು ಕಂಡೀನ್ರೀ?”

ಮರುದಿನದಿಂದ ಆ ಮನೆಯಲ್ಲಿ ತುರ್ತು ಪರಿಸ್ಥಿತಿ ಜಾರಿಗೆ ಬಂತು. ಮಿಕ್ಸರ್ ತಿರುಗಿದರೆ ಕರೆಂಟು ಕುಣಿಯುತ್ತದೆಂದು ಮಿಕ್ಸರ್ ಬಂದ್. ಶಾರದಾಬಾಯಿ ಶೇಂಗಾ ಚಟ್ನಿಯನ್ನು ಒರಳಿನಲ್ಲಿ ಕುಟ್ಟಿದಳು. (ಕುಟ್ಟುವ ಜೋರಿನಿಂದ, ಒರಳಿನಲ್ಲಿ ಶೇಂಗಾದ ಜೊತೆಗೆ ಇನ್ನಾರೋ ಇದ್ದಂತಿತ್ತು.) ಇಸ್ತ್ರಿ ಪೆಟ್ಟಿಗೆ ಬಂದ್. ಫ್ರಿಜ್ ಬಂದ್; ಹಾಲು ಒಡೆಯಿತು. ಆದರೂ ಹಸಿರು ಗೆರೆ ಅಲ್ಲೇ ಬಂದು ನಿಂತಿತು.

ಕಂಪ್ಯೂಟರಿಗೆ ಸೆಕೆಯಾಗಿರಬೇಕೆಂಬ ಸಂಶಯ ಬಂದದ್ದು ಆಮೇಲೆ. ಮೇ ತಿಂಗಳ ಕಲಬುರಗಿಯಲ್ಲಿ ಯಾರಿಗೆ ಆಗುವುದಿಲ್ಲ? ಸಾಯಬಣ್ಣ ಅದರ ಡಬ್ಬಿ ಬಿಚ್ಚಿ, ಮನೆಯಲ್ಲಿದ್ದ ಒಂದೇ ಟೇಬಲ್ ಫ್ಯಾನನ್ನು ಅದರ ಎದುರಿಗಿಟ್ಟ.

“ನನಗ ಜ್ವರ ಬಂದಾಗ ಸೈತ ಇಷ್ಟು ಸೇವಾ ಮಾಡಿದ್ದಿಲ್ಲ ನೀವು,” ಎಂದು ಶಾರದಾಬಾಯಿ ರೊಟ್ಟಿ ಬುಟ್ಟಿಯ ಮುಚ್ಚಳದಿಂದ ಗಾಳಿ ಹಾಕಿಕೊಂಡಳು. ಆದರೂ ಸಂಜೆ, ಗಂಡ ಊಟ ಬಿಟ್ಟು ಪರದೆ ದಿಟ್ಟಿಸುತ್ತಿದ್ದಾಗ, ಉಪ್ಪು-ಮೆಣಸಿನಕಾಯಿ ತಂದು ಕಂಪ್ಯೂಟರಿಗೆ ದೃಷ್ಟಿ ತೆಗೆದಳು. ಆಮೇಲೆ, ಯಾವುದಕ್ಕೂ ಇರಲಿ ಎಂದು, ಅವನಿಗೂ ತೆಗೆದಳು.

ಕಂಪ್ಯೂಟರ್ ಮಾರುವ ಹಣಮಂತರಾಯ ಬಂದ. ಅವನ ಬಳಿ ಸಕಲ ರೋಗಕ್ಕೂ ಒಂದೇ ಔಷಧಿ: “ಫಾರ್ಮ್ಯಾಟ್ ಹೊಡೀರಿ ಸಾಯಬಣ್ಣ.” ಮದುವೆಯ ಕೆಲಸವನ್ನೆಲ್ಲ ಬೇರೆ ಡಿಸ್ಕಿಗೆ ಎತ್ತಿಟ್ಟು ಹೊಡೆದದ್ದಾಯಿತು. ಸಾಫ್ಟ್‌ವೇರ್ ಹೊಸದಾಗಿ ಹಾಕಿದ್ದಾಯಿತು. ಮೆಮರಿ ಪಟ್ಟಿಯನ್ನು ರಬ್ಬರಿನಿಂದ ತಿಕ್ಕಿದ್ದಾಯಿತು. ಗೆರೆ ಮಾತ್ರ ಅದೇ ಜಾಗದಲ್ಲಿ, ಹಟ ಹಿಡಿದ ಎತ್ತಿನಂತೆ ಕಾಲೂರಿತು.

ಅದೇ ಜಾಗವೆಂದರೆ, ತಾಳಿ ಕಟ್ಟುವ ಜಾಗ. ಅಲ್ಲೇ ಯಾಕೆ ನಿಲ್ಲುತ್ತದೆಂಬುದು ಸಾಯಬಣ್ಣನಿಗೆ ಒಳಗೊಳಗೇ ಗೊತ್ತಿತ್ತು. ವೈದ್ಯನ ಮುಂದೆ ಬೀಡಿಯ ಸುದ್ದಿ ಎತ್ತದ ರೋಗಿಯಂತೆ, ಅವನು ಹಣಮಂತರಾಯನಿಗೂ ಅದನ್ನು ಹೇಳಿರಲಿಲ್ಲ. ಸಂಗತಿ ಏನೆಂದರೆ, ತಾಳಿ ಕಟ್ಟುವ ಆ ಗಳಿಗೆಯಲ್ಲಿ ಅವನ ಕ್ಯಾಮೆರಾ ಬೇರೆ ಕಡೆ ಹೊರಳಿತ್ತು. (ಯಾವ ಕಡೆ ಎಂಬುದನ್ನು ತನಗೆ ತಾನೇ ಹೇಳಿಕೊಳ್ಳಲೂ ಅವನಿಗೆ ನಾಚಿಕೆ.) ಆ ಕೊರತೆ ಮುಚ್ಚಲು ಅವನು ಎಲ್ಲಿಂದಲೋ ತಾಳಿಯ ಚಿತ್ರವೊಂದನ್ನು ತಂದು ಗಿರಗಿರ ತಿರುಗಿಸಿದ್ದ. ಅದರ ಮೇಲೆ ಗುಲಾಬಿ ಮಳೆ, ಮಳೆಯ ಮೇಲೆ ಚಿಟ್ಟೆಗಳು, ಚಿಟ್ಟೆಗಳ ಮೇಲೆ ದೀಪಮಾಲೆ, ಎಲ್ಲದರ ಮೇಲೆ ಗರಿಬಿಚ್ಚಿದ ಜೋಡಿ ನವಿಲು. ಎಲ್ಲವೂ ಎಚ್‌ಡಿ. ಅಷ್ಟು ಹೊರಲು ಆ ಬಡಪಾಯಿ ಯಂತ್ರಕ್ಕೆ ಎಲ್ಲಿಯ ತ್ರಾಣ? ಹೂವು, ಹಕ್ಕಿ ಕಿತ್ತು ಹಾಕಿದರೆ ರೆಂಡರ್ ಆಗುತ್ತಿತ್ತು. ಕಿತ್ತು ಹಾಕಿದರೆ ಮಾನವೂ ಹೋಗುತ್ತಿತ್ತು.

ಭಾನುವಾರ ಬೆಳಗಾಯಿತು.

“ಮಷಿನ್ ಕೆಟ್ಟದ ಅಂತ ಅತ್ತಿಗೆ ಹೇಳಿ ಬಂದ್ರಾತು,” ಎಂದ ಸಾಯಬಣ್ಣ, ಮುಖ ಸಣ್ಣ ಮಾಡಿ.

ಶಾರದಾಬಾಯಿ ಆಗಲೇ ಚೀಲ ಕಟ್ಟಿಕೊಂಡು ನಿಂತಿದ್ದಳು. “ಅವ್ವ ಕಾಯ್ಲಾಕತ್ತಾಳ. ಕ್ಯಾಮೆರಾ, ಟೇಪು ಎಲ್ಲಾ ಇಟ್ಟೀನಿ. ಕಂಪ್ಯೂಟರ್ ಇಲ್ಲಂದ್ರ ಕ್ಯಾಮೆರಾದಿಂದನೇ ಟಿವಿಗೆ ವಾಯರ್ ಹಚ್ಚಿ ತೋರಸ್ಬಹುದಂತ. ಹಣಮಂತರಾಯ ಅಂದ್ರು.”

ಹಣಮಂತರಾಯ ಜನ್ಮದಲ್ಲಿ ಹೇಳಿದ ಒಂದೇ ಉಪಯುಕ್ತ ಮಾತು ಅದು.

ಬಸ್ಸು ಮಹಾಗಾಂವ ದಾಟುವವರೆಗೂ ಸಾಯಬಣ್ಣ ಕರೆಂಟು ಹೋಗಲೆಂದು ಕಂಡ ಕಂಡ ದೇವರಿಗೆ ಹರಕೆ ಹೊತ್ತ. ಬೇರೆ ದಿನ ಊಟಕ್ಕೆ ಕೂತವರ ತಾಟು ಕಾಣದಂತೆ ಕೈಕೊಡುವ ಕಮಲಾಪುರದ ಕರೆಂಟು, ಆ ದಿನ ಬಲ್ಬು ಒಡೆಯುವಷ್ಟು ಭರ್ತಿಯಾಗಿತ್ತು.

ದುಂಡಮ್ಮ ತಲೆಗೆ ಎರೆದುಕೊಂಡು, ಮದುವೆಯ ದಿನ ಉಡದೇ ಉಳಿದ ಹೊಸ ಸೀರೆ ಉಟ್ಟು, ಟಿವಿಗೆ ಎದುರಾಗಿ ಕೂತಿದ್ದಳು. ಮುಷ್ಟಿಯಲ್ಲಿ ಅರಿಶಿನ ಹಚ್ಚಿದ ಅಕ್ಕಿಕಾಳು!

“ಅವ್ವಾ, ಟಿವಿಗೆ ಹಾಕ್ತಿಯೇನು?” ಅಂಬಮ್ಮ ನಕ್ಕಳು.

“ಯಾಕ ಹಾಕಬಾರ್ದು? ನನ್ನ ಮಗಳ ಮದುವಿ ನನಗ ಇವತ್ತೇ.”

ಅದನ್ನು ಕೇಳಿ ಸಾಯಬಣ್ಣ ಓಡಿಹೋಗಲು ಬಾಗಿಲ ಕಡೆ ನೋಡಿದ. ಬಾಗಿಲ ತುಂಬ ನೆರೆಹೊರೆಯವರು. ಬೇರೆ ದಾರಿಯಿಲ್ಲದೆ ವಾಯರ್ ಹಚ್ಚಿದ.

ಚಿತ್ರ ಬಂತು. ಹಂದರ ಬಂತು, ಮದುಮಗ ಬಂದ. ತಲೆ ಬಾಗಿಸಿ ನಿಂತ ಅಂಬಮ್ಮನನ್ನು ಕಂಡು ದುಂಡಮ್ಮನ ಕಣ್ಣು ತುಂಬಿದವು. ‘ಸಾವಧಾನ’ ಎಂಬ ಕೂಗೆದ್ದಿತು, ವಾದ್ಯ ಮೊಳಗಿತು, ದುಂಡಮ್ಮ ಕೈ ಎತ್ತಿದಳು. ಅಷ್ಟರಲ್ಲಿ ಚಿತ್ರ ಮೆಲ್ಲಗೆ ಎಡಕ್ಕೆ ಸರಿಯಿತು. ಹಂದರದ ಕಂಬ ಬಂತು. ಕಂಬದ ಪಕ್ಕ, ಹಸಿರು ಇಳಕಲ್ ಸೀರೆಯಲ್ಲಿ, ತಂಗಿಯನ್ನು ನೋಡುತ್ತ ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಳು ಶಾರದಾಬಾಯಿ. ಚಿತ್ರ ಅಲ್ಲೇ ನಿಂತಿತು. ಹತ್ತಿರವಾಯಿತು. ಇನ್ನೂ ಹತ್ತಿರವಾಯಿತು. ವಾದ್ಯ ಮುಗಿಯುವವರೆಗೂ ಟಿವಿ ತುಂಬ ಅವಳ ಮುಖವೊಂದೇ.

ಎಸೆದ ಅಕ್ಕಿಕಾಳು ಚಟಚಟನೆ ಪರದೆಯ ಮೇಲಿನ ಆ ಮುಖಕ್ಕೇ ಬಿದ್ದವು.

“ಅಳಿಯಾ,” ದುಂಡಮ್ಮ ತಿರುಗಿದಳು. “ತಾಳಿ ಎಲ್ಲಿ?”

“ಅದು... ಟೇಪು ಸ್ವಲ್ಪ...”

“ಮಾಮಾ!” ಅಂಬಮ್ಮ ಹೊಟ್ಟೆ ಹಿಡಿದುಕೊಂಡಳು. “ನನ್ನ ಮದುವ್ಯಾಗ ಅಕ್ಕನ್ನ ಮದುಮಗಳು ಮಾಡೀರಲ್ಲ!”

ಬಾಗಿಲಲ್ಲಿದ್ದವರೆಲ್ಲ ಗೊಳ್ಳೆಂದರು. ಸಾಯಬಣ್ಣ ಟಿವಿಯ ಹಿಂದೆ ಇಲ್ಲದ ವಾಯರೊಂದನ್ನು ಹುಡುಕತೊಡಗಿದ. ದುಂಡಮ್ಮ ನಗಲಿಲ್ಲ. ಅಂಬಮ್ಮ ನಗು ನಿಲ್ಲಿಸಿ, ತಾಯಿಯ ಮೊಣಕಾಲಿಗೆ ಒರಗಿ ಕೂತು, ಕೊರಳಿನ ತಾಳಿಯನ್ನು ಅವಳ ಅಂಗೈಗೆ ಹಿಡಿಸಿದಳು. ಮುದುಕಿ ಅದನ್ನು ತಿರುವಿ ತಿರುವಿ ನೋಡಿ, ಕಣ್ಣಿಗೊತ್ತಿಕೊಂಡಳು. ಆಮೇಲೆ ಟಿವಿಯ ಹಿಂದಿದ್ದ ಅಳಿಯನಿಗೆ ಹೇಳಿದಳು:

“ಹೊರಗ ಬಾರಪ್ಪಾ. ದೊಡ್ಡ ಮಗಳ್ನ ಪ್ಯಾಟಿಗೆ ಕೊಡೋ ಮುಂದ ಅಂಜಿಕಿತ್ತು, ಹ್ಯಾಂಗ ನೋಡ್ಕೊಂತಾನೋ ಏನೋ ಅಂತ. ಈಗ ಊರೇ ನೋಡ್ತು.”

ಶಾರದಾಬಾಯಿ ಮಾತ್ರ ಅವನ ತಾಟಿಗೆ ದೂರದಿಂದಲೇ ಬಡಿಸಿದಳು. ಬಸ್ಸನ್ನೂ ಅವನಿಗಿಂತ ಮೊದಲೇ ಹತ್ತಿದಳು. ಸೀಟಿನಲ್ಲಿ ತಮ್ಮಿಬ್ಬರ ನಡುವೆ ಚೀಲ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಳು.

“ಸಿಟ್ಟು ಬಂದದೇನು?” ಸಾಯಬಣ್ಣ ಕೊನೆಗೆ ಕೇಳಿದ.

“ಸಿಟ್ಟು ಬರದೇ? ಅಷ್ಟು ಹೊತ್ತು ನನ್ನೇ ನೋಡ್ಕೋತ ನಿಂತವರು, ರುಚಿ ನೋಡೋ ಮುಂದ ಗಲ್ಲಕ್ಕ ಹುಗ್ಗಿ ಮೆತ್ತಿದ್ದು ಒಂದು ಮಾತು ಹೇಳಬಾರ್ದಾ? ಇಡೀ ಊರ ಮುಂದ ನನ್ನ ಮಾನ ತೆಗೆದ್ರಿ!”

“ಹುಗ್ಗಿ? ಎಲ್ಲಿತ್ತು?” ಅವನು ಬೆಕ್ಕಸಬೆರಗಾದ. “ನನಗ ಖರೇನೇ ಕಂಡಿಲ್ಲ, ಶಾರದಾ.”

ಅವಳು ತಿರುಗಿ ಅವನ ಮುಖವನ್ನೇ ನೋಡಿದಳು. ಸುಳ್ಳು ಹೇಳುವಷ್ಟು ಜಾಣ ಅವನಲ್ಲ.

“ಭಾರಿ ವಿಡಿಯೊದವರು ನೋಡು!” ಎಂದು, ನಡುವೆ ಇದ್ದ ಚೀಲವನ್ನೆತ್ತಿ ಅವನ ತೊಡೆಯ ಮೇಲೆ ಹೇರಿ, ಹತ್ತಿರ ಸರಿದು ಕೂತಳು.