ತ್ರಿಗ್ಲಾವ್ ಮೇಲೊಂದು ಹಳದಿ ಚುಕ್ಕೆ

ತಕರಾರು ಶುರುವಾದದ್ದು ಅಂಚೆ ಕಚೇರಿಯ ಗೋಡೆಗೆ ಅಂಟಿಸಿದ್ದ ಒಂದು ಹಾಳೆಯಿಂದ. ತ್ರಿಗ್ಲಾವ್ ಶಿಖರ ಹತ್ತಿದವರ ಹೆಸರಿನ ಮುಂದೆ ಅದರಲ್ಲಿ ಹಸಿರು ಟಿಕ್ಕು. ಪೋಸ್ಟ್‌ಮಾಸ್ತರ್ ದ್ರಾಗೊನಿಗೆ ಏಳು ಟಿಕ್ಕು. ಅಂಚೆ ಹಂಚುವ ವಿಂಕೊನ ಹೆಸರಿನ ಮುಂದೆ ಬರೀ ಬಿಳಿ ಕಾಗದ.

ಸ್ಲೊವೇನಿಯಾದಲ್ಲಿ ಇದು ಸಣ್ಣ ಮಾತಲ್ಲ. ಆ ಬೆಟ್ಟ ಹತ್ತಬೇಕು, ಮೊದಲ ಸಲ ಹತ್ತಿದವನ ಕುಂಡಿಗೆ ತುದಿಯಲ್ಲೇ ಹಗ್ಗದಿಂದ ಮೂರು ಬಾರಿಸಬೇಕು. ಆಗಲೇ ಅವನು ನಮ್ಮವನು. ವಿಂಕೊಗೆ ಬರುವ ಭಾನುವಾರ ಐವತ್ತು ತುಂಬುವುದಿತ್ತು, ಏಟು ಒಂದೂ ಬಿದ್ದಿರಲಿಲ್ಲ.

"ಅಲ್ಲಯ್ಯಾ, ನಿನ್ನ ಪಾಸ್‌ಪೋರ್ಟ್ ವಾಪಸ್ ಇಸ್ಕೊಳ್ಳಿ ಅಂತ ಸರ್ಕಾರಕ್ಕೆ ಅರ್ಜಿ ಬರೀಲಾ?" ಎಂದ ದ್ರಾಗೊ, ಎಲ್ಲರಿಗೂ ಕೇಳುವ ಹಾಗೆ.

ವಿಂಕೊನ ಪಿತ್ತ ನೆತ್ತಿಗೇರಿತು. "ಬರೀರಿ! ಅಂಚೆಚೀಟಿ ನಾನೇ ಅಂಟಿಸ್ತೀನಿ. ಈ ಶನಿವಾರ ಹತ್ತೋನೇ ನಾನು. ಆದ್ರೆ ನನ್ನ ನಿಯಮದ ಪ್ರಕಾರ. ಮೋಡ ಬಂತೋ, ತುದಿ ಗೇಣು ದೂರದಲ್ಲಿದ್ರೂ ವಾಪಸ್. ಯಾರಪ್ಪನ ಮಾತೂ ಕೇಳಲ್ಲ!"

ಅವತ್ತಿನಿಂದ ಹವಾಮಾನ ವರದಿಯನ್ನು ದಿನಕ್ಕೆ ಐದು ಸಲ ಓದಿದ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ನಾಲ್ಕಕ್ಕೆ ಹೊರಡುವುದು, ಹತ್ತಕ್ಕೆ ಶಿಖರದ ಬುಡದ ತಂಗುಮನೆ, ಮಧ್ಯಾಹ್ನದ ಗುಡುಗಿಗೆ ಮುಂಚೆ ಇಳಿಯುವುದು. ಹೆಲ್ಮೆಟ್ಟು, ಜಾಕೆಟ್ಟು, ಎರಡು ಜೊತೆ ಕಾಲುಚೀಲ, ಎಲ್ಲವೂ ಚೀಲ ಸೇರಿದವು.

ಶನಿವಾರ ಬೆಳಗಿನ ಜಾವ ಗೇಟು ತೆಗೆದರೆ ಪಕ್ಕದ ಮನೆಯ ಫ್ರಾಂಚ್ಕಾ ಅತ್ತೆ ಅಡ್ಡ ನಿಂತಿದ್ದಾಳೆ. ಕೈಯಲ್ಲಿ ಅವಳ ಗಂಡ ಬದುಕಿದ್ದಾಗ ಮೀನು ಹಿಡಿಯಲು ಹಾಕುತ್ತಿದ್ದ ಹಳದಿ ಮಳೆಯಂಗಿ.

"ಇದನ್ನ ಹಾಕ್ಕೋ. ತಂಗುಮನೆಯ ಕ್ಯಾಮೆರಾ ದಿನವಿಡೀ ಶಿಖರ ತೋರಿಸ್ತಿರುತ್ತಲ್ಲ, ಅಂಚೆ ಕಚೇರಿ ಕಂಪ್ಯೂಟರಲ್ಲಿ ನಾವೆಲ್ಲ ನೋಡ್ತೀವಿ. ನೀನು ಜಾರಿ ಬಿದ್ರೆ ಗೊತ್ತಾಗ್ಬೇಕಲ್ಲ!"

"ಬಿಡ್ತು ಅನ್ನಿ ಅತ್ತೆ!"

"ಬಿಡ್ತು, ಬಿಡ್ತು. ಹಾಕ್ಕೋ ಮೊದ್ಲು."

ಅಂಗಿ ಮೊಣಕಾಲು ದಾಟಿತ್ತು. ಇಪ್ಪತ್ತು ವರ್ಷದ ಮೀನು ಅದರೊಳಗೆ ಇನ್ನೂ ವಾಸವಾಗಿತ್ತು. ದಾರಿಯುದ್ದಕ್ಕೂ ಜನ ಮೂಗು ಮುಚ್ಚಿಕೊಂಡು ಅವನನ್ನು ಮುಂದೆ ಬಿಟ್ಟರು. ಕಡಿದಾದ ಬಂಡೆಯಲ್ಲಿ ಕಬ್ಬಿಣದ ಗೂಟಕ್ಕೆ ಎರಡೂ ಕೈಯಲ್ಲಿ ಜೋತುಬಿದ್ದಿದ್ದಾಗ ಫೋನು ಬಡಿದುಕೊಂಡಿತು. ಹೇಗೋ ಒಂದು ಕೈ ಬಿಡಿಸಿ ಎತ್ತಿದರೆ ದ್ರಾಗೊ.

"ಎಲ್ಲಿದೀಯೋ? ಇಲ್ಲಿ ಕಾಣಿಸ್ತಾನೇ ಇಲ್ಲ!"

"ಈಗ ಫೋನ್ ಇಡದಿದ್ರೆ ಇನ್ನೆಲ್ಲೂ ಕಾಣಿಸಲ್ಲ!"

ಹತ್ತು ಗಂಟೆಗೆ ಸರಿಯಾಗಿ ತಂಗುಮನೆ ತಲುಪಿದ. ತೊಳೆದಿಟ್ಟ ತಟ್ಟೆಯಂತಿದ್ದ ಆಕಾಶ ಅವನು ಬಾರ್ಲಿ ಗಂಜಿ ಕುಡಿದು ಮುಗಿಸುವುದರೊಳಗೆ ಕಪ್ಪಗಾಯಿತು. ಗಾಳಿ ಎದ್ದಿತು, ಆಲಿಕಲ್ಲು ಬಿತ್ತು, ಶಿಖರ ಮೋಡದೊಳಗೆ ಮಾಯವಾಯಿತು.

"ಇನ್ನೊಂದೇ ಗಂಟೆ ದಾರಿ, ಕಾದು ನೋಡಿ," ಎಂದಳು ಗಂಜಿ ಬಡಿಸಿದ ಹೆಂಗಸು. "ಇಲ್ಲಿ ಮೋಡ ನೆಂಟರಿದ್ದ ಹಾಗೆ. ಬಂದದ್ದು ಹೋಗೇ ಹೋಗುತ್ತೆ."

"ನಮ್ಮನೆಗೆ ಬಂದ ನೆಂಟರನ್ನ ನೀವು ನೋಡಿಲ್ಲಮ್ಮ," ಎಂದು ವಿಂಕೊ ಎದ್ದ. ಒಂದು ಗಂಟೆ ದಾರಿ ಬಿಟ್ಟು ಇಳಿಯಲು ಮನಸ್ಸಿರಲಿಲ್ಲ, ನಿಜ. ಆದರೆ ನಿಯಮ ಅಂದರೆ ನಿಯಮ. ಬಾಗಿಲ ಬಳಿ ದಢೂತಿ ಡಚ್ಚಿನವನೊಬ್ಬ ಚಡ್ಡಿಯಲ್ಲಿ ಗಡಗಡ ನಡುಗುತ್ತಿದ್ದ. ಪಾಪ, ಅವನ ದೇಶದಲ್ಲಿ ಬೆಟ್ಟವೇ ಇಲ್ಲ. ವಿಂಕೊ ಹಳದಿ ಅಂಗಿ ಬಿಚ್ಚಿ ಅವನಿಗೆ ತೊಡಿಸಿ ತನ್ನ ಜಾಕೆಟ್ಟು ಹಾಕಿಕೊಂಡ. ಪುಣ್ಯವೂ ಬಂತು, ಮೀನಿನ ವಾಸನೆಯೂ ಹೋಯಿತು. ಅಷ್ಟರಲ್ಲಿ ದ್ರಾಗೊನ ಹದಿನಾಲ್ಕನೆಯ ಕರೆ. ವಿಂಕೊ ಫೋನನ್ನೇ ಆರಿಸಿದ.

ಅರ್ಧ ಇಳಿಯುವಷ್ಟರಲ್ಲಿ ಮೇಲೆ ಮೋಡ ಸರಿದು ಶಿಖರ ಬಿಸಿಲಲ್ಲಿ ಥಳಥಳಿಸಿತು. ಕೆಳಗೆ ಇವನ ತಲೆಯ ಮೇಲೆ ಮಾತ್ರ ಧೋ ಎಂದು ಮಳೆ. ವಿಂಕೊ ಮುಷ್ಟಿ ಎತ್ತಿ ಬೆಟ್ಟಕ್ಕೆ ತೋರಿಸಿದ. "ಹೊಳಿ, ಎಷ್ಟು ಬೇಕಾದ್ರೂ ಹೊಳಿ! ತಿರುಗಿ ಬರೋನಲ್ಲ ನಾನು!"

ಸಂಜೆ ನಾಲ್ಕಕ್ಕೆ ಅಂಚೆ ಕಚೇರಿ ಮುಂದೆ ಅಕಾರ್ಡಿಯನ್ ವಾದ್ಯ ಮೊಳಗುತ್ತಿತ್ತು. ಅರ್ಧ ಊರೇ ನೆರೆದಿತ್ತು.

"ಕಂಡ್ವಿ, ಕಂಡ್ವಿ!" ಫ್ರಾಂಚ್ಕಾ ಅತ್ತೆ ತಬ್ಬಿಕೊಂಡಳು. "ಹನ್ನೆರಡೂವರೆಗೆ ಶಿಖರದ ತುದೀಲಿ ಹಳದಿ ಚುಕ್ಕೆ!"

"ಅದು ನಾನಲ್ಲ, ಯಾರೋ ಡಚ್ಚಿನವನು! ಚಳೀಲಿ ನಡುಗ್ತಿದ್ದ ಅಂತ ಅಂಗಿ ಅವನಿಗೆ ಕೊಟ್ಟು ನಾನು ತಂಗುಮನೆಯಿಂದ್ಲೇ ವಾಪಸ್ ಬಂದೆ!"

"ನೋಡ್ರೋ, ಎಂಥಾ ದೊಡ್ಡ ಮನಸ್ಸು!" ಅತ್ತೆ ಕಣ್ಣೊರೆಸಿಕೊಂಡಳು. "ಹತ್ತಿ ಬಂದು ಅಂಗಿ ದಾನ ಮಾಡಿದ್ದಾನೆ. ಹೇಳ್ಕೊಳ್ಳೋಕೂ ನಾಚಿಕೆ ಇವನಿಗೆ!"

"ಹತ್ತಿಲ್ಲ ಅಂದ್ನಲ್ಲ!" ವಿಂಕೊ ಕಿರುಚಿದ. ಕೇಳುವವರು ಯಾರು? ನಾಲ್ಕು ಜನ ಅವನನ್ನು ಮೇಜಿನ ಮೇಲೆ ಬೋರಲು ಹಾಕಿದರು. ತುದಿಯಲ್ಲಿ ಬೀಳಬೇಕಿದ್ದ ಹಗ್ಗದ ಏಟು ಮೂರೂ ಇಲ್ಲೇ ಬಿದ್ದವು. ಗೋಡೆಯ ಹಾಳೆಯಲ್ಲಿ ಹಸಿರು ಟಿಕ್ಕು ಬಿತ್ತು.

ಉರಿಗೆ ಕೂರಲಾರದೆ ನಿಂತಿದ್ದವನನ್ನು ದ್ರಾಗೊ ಪಾರ್ಸಲ್ ಕೋಣೆಗೆ ಎಳೆದೊಯ್ದು ಬಾಗಿಲು ಹಾಕಿದ. ಅವನ ಮುಖ ಸಪ್ಪಗಿತ್ತು.

"ಮುಂದಿನ ಶನಿವಾರ ನನ್ನೂ ಕರ್ಕೊಂಡು ಹೋಗಪ್ಪಾ. ಯಾರಿಗೂ ಹೇಳ್ಬೇಡ, ಏಳು ಸಲಾನೂ ನಾನು ತಂಗುಮನೆ ದಾಟಿಲ್ಲ. ಮೇಲೆ ನೋಡಿದ್ರೆ ಕೈಕಾಲು ನಡುಗುತ್ತೆ. ನಿನ್ನಂಥ ಅನುಭವಸ್ಥ ಜೊತೇಲಿದ್ರೆ ಧೈರ್ಯ."

"ರೀ, ನಾನೂ ಅಲ್ಲಿಂದ್ಲೇ ವಾಪಸ್ ಬಂದೆ ಅಂತ ಆಗ್ಲಿಂದ ಬಡ್ಕೋತಾ ಇದೀನಲ್ಲ! ನಾನು ಹತ್ತಿಲ್ಲ!"

ದ್ರಾಗೊ ನಕ್ಕು ಅವನ ಭುಜ ತಟ್ಟಿದ.

"ಸುಮ್ನಿರಪ್ಪಾ, ಈ ವಿಷಯದಲ್ಲಿ ನಂಗೆ ಹದಿನೆಂಟು ವರ್ಷದ ಅನುಭವ. ಹತ್ತದೇ ಇರೋನು ಯಾವತ್ತೂ ಹತ್ತಿಲ್ಲ ಅನ್ನಲ್ಲ."