ಗಿರಣಿಯ ಕೇರೆಹಾವು ಯಾರದು?

ಸಿಂಧನೂರಿನಲ್ಲಿ ಆಟೋ ಓಡಿಸುತ್ತ, ಬಿಡುವಾದಾಗ ಹಾವು ಹಿಡಿಯುವವನು ನಾನು. ಹಾವುಗಳು ನನ್ನನ್ನು ಹೆದರಿಸಿದ್ದು ಕಡಿಮೆ, ಹಾವು ಕಂಡ ಜನ ನಗಿಸಿದ್ದೇ ಹೆಚ್ಚು. ಒಂದು ಅಕ್ಕಿ ಗಿರಣಿಯ ಸಂಗತಿಯನ್ನೇ ಕೇಳಿ.

೧. ಗಡೀಪಾರು

ಗಿರಣಿಯ ಸಾವ್ಕಾರರ ಫೋನು ಬಂತು. "ಲೇ ತಮ್ಮಾ, ಗೋದಾಮಿನ್ಯಾಗ ಹಾವು ಬಂದೈತಿ. ಹಮಾಲ್ರು ಚೀಲ ಮುಟ್ಟವಲ್ರು. ಲಗೂ ಬಾ, ಇಲ್ಲಂದ್ರ ಹೊಡಸಿ ಹಾಕ್ತೀನಿ."

ಹೋಗಿ ನೋಡಿದರೆ, ಭತ್ತದ ಚೀಲಗಳ ಸಂದಿಯಲ್ಲಿ ಆಳುದ್ದದ ಕೇರೆಹಾವು. ಎಣ್ಣೆ ಹಚ್ಚಿದಂಥ ಮೈ, ದುಂಡನೆಯ ಕಣ್ಣು. ಇಂಥ ಚೆಲುವಿನ ಮೇಲೆ ಬಡಿಗೆ ಎತ್ತಲು ಮನಸ್ಸಾದರೂ ಹೇಗೆ ಬರುತ್ತದೋ.

"ಇದಕ್ಕ ವಿಷ ಇಲ್ರೀ. ಇಲಿ ತಿನ್ನಾಕ ಬಂದೈತಿ, ಇರ್ಲಿ ಬಿಡ್ರಿ," ಎಂದೆ.

ಸಾವ್ಕಾರರು ಟೇಬಲ್ ಹತ್ತಿ ನಿಂತಿದ್ದರು. ಅಲ್ಲಿಂದಲೇ ಹೇಳಿದರು: "ಇಲಿ ನಾ ನೋಡ್ಕೊಂತೀನಿ, ಹಾವು ನೀ ನೋಡ್ಕೊ."

ಅರಣ್ಯ ಇಲಾಖೆಯವರಿಗೆ ತಿಳಿಸಿ, ಮಸ್ಕಿ ಗುಡ್ಡದ ಬಂಡೆಗಳ ಹತ್ತಿರ ಬಿಟ್ಟುಬಂದೆ. ಅಲ್ಲಿ ಬೆಳಗಿನ ಬಿಸಿಲಿಗೆ ಬಂಡೆ ಕಾಯುತ್ತಲೇ ಓತಿಕ್ಯಾತ ಹೊರಬರುತ್ತದೆ, ಅದರ ಹಿಂದೆ ಹಾವು, ಹಾವಿನ ಮೇಲೆ ಕಣ್ಣಿಟ್ಟು ಹದ್ದು. ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ.

೨. ವಾಪಸ್ ಕರೆ

ಸಾವ್ಕಾರರು ನೋಡಿಕೊಂಡ ಇಲಿಗಳು ಚೆನ್ನಾಗಿ ಬೆಳೆದವು. ಚೀಲಗಳೆಲ್ಲ ತೂತು. ಗಿರಣಿಯ ಬೆಕ್ಕಿಗೆ ನಿದ್ದೆಯೇ ಮುಗಿಯುತ್ತಿರಲಿಲ್ಲ. ಮತ್ತೆ ಫೋನು.

"ತಮ್ಮಾ, ಆ ಹಾವು ವಾಪಸ್ ತಂದು ಬಿಡು."

"ಅಷ್ಟು ದೊಡ್ಡ ಗುಡ್ಡದಾಗ ಎಲ್ಲಿ ಹುಡುಕ್ಲಿ ಸಾವ್ಕಾರ್ರ?"

"ನನ್ನ ಹೆಸರು ಹೇಳು, ಬರ್ತೈತಿ."

೩. ಪಂಚಮಿ ಹಾಲು

ತುರ್ವಿಹಾಳದ ಕಡೆಯಿಂದ ಬಂದ ಭತ್ತದ ಲೋಡಿನಲ್ಲಿ ಬೇರೊಂದು ಕೇರೆ ಬಂತು. ಇದು ತೆಳ್ಳಗಿತ್ತು. ಸಾವ್ಕಾರರು ಕರಗಿಹೋದರು: "ಮಸ್ಕಿಯಿಂದ ಹುಡಿಕ್ಯಂಡು ಬಂದೈತಿ ನೋಡು. ದಾರಿಯಾಗ ಸೊರಗೈತಿ, ಪಾಪ."

ನಾನು ತಿದ್ದಲು ಹೋಗಲಿಲ್ಲ. ಹಾವಿನ ಜೀವ ಉಳಿದರೆ ಸಾಕಿತ್ತು.

ನಾಗರ ಪಂಚಮಿಗೆ ಅವರ ಮನೆಯವರು ಗೋದಾಮಿನ ಬಾಗಿಲಲ್ಲಿ ಹಾಲು ಇಟ್ಟರು. ಹಾವು ಹಾಲು ಕುಡಿಯುವುದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಬೆಕ್ಕು ಎದ್ದು ಬಂದು ಬಟ್ಟಲು ನೆಕ್ಕಿ ಮುಗಿಸಿತು. ಸಾವ್ಕಾರರಿಗೆ ನಿಜವಾಗಿ ಸಂಕಟವಾಯಿತು. "ಪಗಾರ ಇದಕ್ಕ, ಡ್ಯೂಟಿ ಅದಕ್ಕ," ಎಂದರು.

೪. ಪಂಚಾಯ್ತಿ

ಒಂದು ದಿನ ಹಾವು ಗೋಡೆ ದಾಟಿ ಪಕ್ಕದ ಗಿರಣಿಗೆ ಹೋಯಿತು. ಆ ಗಿರಣಿಯ ಸಾವ್ಕಾರರು ಕೊಡಲೊಪ್ಪಲಿಲ್ಲ. ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಇಬ್ಬರೂ ಜಗಳಕ್ಕೆ ನಿಂತಿದ್ದರು.

"ನಮ್ಮ ಹಾವು ಕೊಡ್ರಿ."

"ನಿಮ್ದು ಅನ್ನಾಕ ಗುರ್ತು ಏನೈತಿ?"

"ನನ್ನ ಮಾರಿ ನೋಡಿದ್ರ ಸಾಕು, ಗುರ್ತು ಹಿಡಿತೈತಿ."

"ನಮ್ಮ ಇಲಿ ತಿಂದೈತಿ, ಇನ್ನ ಅದು ನಮ್ದು."

ನನಗೆ ಎದೆ ತುಂಬಿ ಬಂತು. ಹೊಡೆಸಿ ಹಾಕುತ್ತೇನೆ ಎಂದಿದ್ದ ಬಾಯಿಂದಲೇ ನಮ್ಮ ಹಾವು ಎಂಬ ಮಾತು ಬಂದಿತ್ತು.

ಅಷ್ಟರಲ್ಲಿ ಹಾವೇ ಚೀಲಗಳ ಸಂದಿಯಿಂದ ಹೊರಬಂದು, ನಿಧಾನಕ್ಕೆ ಇಬ್ಬರ ನಡುವೆ ಹರಿಯಿತು. ಕಣ್ಣು ಮಿಟುಕಿಸುವುದರೊಳಗೆ ಸಾವ್ಕಾರರಿಬ್ಬರೂ ಒಂದೇ ಟೇಬಲ್ ಮೇಲೆ, ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದರು. ಹಾವು ಟೇಬಲ್ ಕೆಳಗೆ ತಣ್ಣಗೆ ಸುರುಳಿ ಸುತ್ತಿತು.

"ಯಾರ ಹಾವು ಅವರು ಇಳದು ತಗೊಳ್ರಿ," ಎಂದೆ.

ಇಬ್ಬರೂ ಒಟ್ಟಿಗೇ ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದರು. "ಇವರ್ದು."